ಮುಖ ಕೇಳಿದರೆ ನಂಬರು ಕೇಳುತ್ತದೆ

ಕಂಪ್ಯೂಟರಿನಲ್ಲಿ ಆಟ ಆಡುವವರ ಒಂದು ಚಿಲ್ಲರೆ ಸಂಕಟದಿಂದ ಮಾತು ಶುರು ಮಾಡುತ್ತೇನೆ. ಸ್ಟೀಮ್ ಎಂಬ ಆಟದಂಗಡಿ 2003ರ ಸೆಪ್ಟೆಂಬರಿನಲ್ಲಿ ಬಾಗಿಲು ತೆರೆಯಿತು. ಅಲ್ಲಿ ಕೊಂಡ ಆಟಗಳೆಲ್ಲ ‘ಲೈಬ್ರರಿ’ ಎಂಬ ಕಪಾಟಿನಲ್ಲಿ ಸಾಲಾಗಿ ನಿಲ್ಲುತ್ತವೆ. 2019ರಲ್ಲಿ ಆ ಕಪಾಟನ್ನು ಹೊಸದಾಗಿ ಕಟ್ಟಿದರು. ಅಡ್ಡ ಪಟ್ಟಿಯಂತಿದ್ದ ಚಿತ್ರಗಳ ಜಾಗಕ್ಕೆ ಪುಸ್ತಕದ ರಕ್ಷಾಪುಟದ ಹಾಗೆ ನೆಟ್ಟಗೆ ನಿಂತ ಚಿತ್ರಗಳು ಬಂದವು. ಅಗಲ 600 ಚುಕ್ಕಿ, ಎತ್ತರ 900. ಹೊಸ ಆಟಗಳಿಗೆ ಆ ಅಳತೆಯ ಮುಖ ಇತ್ತು, ಹಳೆಯ ಎಷ್ಟೋ ಆಟಗಳಿಗೆ ಇರಲಿಲ್ಲ. ಹೊರಗಿನಿಂದ ತಂದು ಸೇರಿಸಿದ ಆಟಕ್ಕಂತೂ ಬೂದು ಬಣ್ಣದ ಡಬ್ಬಿ, ಮೇಲೆ ಬರೀ ಹೆಸರು. ಇನ್ನೂರು ಆಟ ಇಟ್ಟುಕೊಂಡವನ ಕಪಾಟು ಹಲ್ಲು ಬಿದ್ದ ಬಾಯಿಯಂತೆ ಕಾಣುತ್ತದೆ. ಒಂದೊಂದಕ್ಕೂ ಚಿತ್ರ ಹುಡುಕಿ, ಇಳಿಸಿ, ಅಂಟಿಸುತ್ತ ಕೂರುವ ತಾಳ್ಮೆ ಯಾರಿಗಿದೆ? ಈ ಕೆಲಸಕ್ಕೆಂದೇ ಇರುವ ಪುಟ್ಟ ಸಾಧನಗಳುಂಟು, ಸ್ಟೀಮ್‌ಗ್ರಿಡ್ ಎಂಬುದು ಅಂಥದ್ದೊಂದು. ಅಂದಚೆಂದದ ಪರದೆಯಿಲ್ಲ, ಒತ್ತುವ ಗುಂಡಿಯಿಲ್ಲ. ಟರ್ಮಿನಲ್ಲಿನ ಕಪ್ಪು ಪರದೆಯಲ್ಲಿ ಒಂದು ಸಾಲು ಬಡಿದು ಎಂಟರ್ ಒತ್ತಿದರೆ ಕಪಾಟಿನ ಪಟ್ಟಿ ಓದಿ, ಒಂದೊಂದು ಆಟಕ್ಕೂ ಅದರದರ ಮುಖ ತಂದು ಹಚ್ಚುತ್ತದೆ.

ಇದನ್ನು ಚಿತ್ರ ಇಳಿಸುವ ಸಾಧನವೆಂದು ಕರೆಯುತ್ತಾರೆ. ಕರೆಯಲಿ. ಆದರೆ ಅದರ ದುಡಿಮೆಯ ಹೆಚ್ಚು ಪಾಲು ಯಾವ ಮುಖ ಯಾವ ಆಟದ್ದೆಂದು ಹೊಂದಿಸುವುದರಲ್ಲೇ ಹೋಗುತ್ತದೆ. ಚಿತ್ರ ಇಳಿಯುವುದು ಕೊನೆಯ ಗಳಿಗೆಯಲ್ಲಿ, ಕ್ಷಣದೊಳಗೆ. ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿಯ ಕಡೆಯ ಹಳೆಯ ಪುಸ್ತಕಗಳನ್ನೂ ಪದಗಳ ಕಿರುಹೊತ್ತಗೆಗಳನ್ನೂ ಫೋಟೊ ಹೊಡೆದು ಕಂಪ್ಯೂಟರಿಗೆ ಏರಿಸಬೇಕೆಂದು ಹೊರಟವರು ಈ ಆಟದ ಹುಡುಗರ ಸಾಧನದಿಂದ ಕಲಿಯಬೇಕಾದ ಪಾಠ ಅಲ್ಲೇ ಇದೆ ಎಂಬುದು ನನ್ನ ವಾದ. ಮುಖ ತೆಗೆಯುವ ಮೊದಲು ನಂಬರು ಹಚ್ಚಬೇಕು.

ಒಳಗೆ ಏನು ನಡೆಯುತ್ತದೆಂದು ಹತ್ತಿರದಿಂದ ನೋಡೋಣ. ಒಂದು ಆಟವನ್ನು ಇನ್‌ಸ್ಟಾಲ್ ಮಾಡಿದಾಗ ಸ್ಟೀಮ್ ಒಂದು ಚಿಕ್ಕ ಫೈಲು ಬರೆದಿಡುತ್ತದೆ. ಆಟದ ನಂಬರು, ಹೆಸರು, ಅದು ಕೂತಿರುವ ಫೋಲ್ಡರು, ಇಂಥವೇ ನಾಲ್ಕಾರು ವಿವರ. ಕೌಂಟರ್ ಸ್ಟ್ರೈಕ್‌ಗೆ 10, ಹಾಫ್ ಲೈಫ್‌ಗೆ 70, ಡೋಟಾ ಎರಡನೆಯದಕ್ಕೆ 570. ಸಾಧನ ಈ 570ನ್ನು ಎತ್ತಿಕೊಂಡು ಅಂಗಡಿಯ ಸರ್ವರಿನ ವಿಳಾಸದ ನಡುವೆ ತುರುಕಿ, ಚಿತ್ರ ಕೊಡು ಎನ್ನುತ್ತದೆ. ಕರ್ಲ್ ಎಂಬ ಪ್ರೋಗ್ರಾಮು 1998ರಿಂದ ಮಾಡುತ್ತ ಬಂದಿರುವುದೂ ಇದೇ ಕೆಲಸ: ವಿಳಾಸ ಕೊಟ್ಟರೆ ಹೋಗಿ ತರುವುದು. ಚಿತ್ರ ಇದ್ದರೆ ಬಂತು, ಇಲ್ಲದಿದ್ದರೆ 404 ಎಂದು ಬರಿಗೈಯಲ್ಲಿ ವಾಪಸು. ಬಂದ ಚಿತ್ರದ ಫೈಲಿಗೆ 570 ಎಂದು ಹೆಸರಿಟ್ಟು, ಅದರ ಕೊನೆಗೆ ನೆಟ್ಟಗೆ ನಿಂತ ಚಿತ್ರವೆಂಬ ಗುರುತಿಗೆ ಪಿ ಅಕ್ಷರ ಸೇರಿಸಿ, ಗ್ರಿಡ್ ಎಂಬ ಫೋಲ್ಡರಿಗೆ ಹಾಕಿದರೆ ಕಪಾಟಿನಲ್ಲಿ ಮುಖ ಮೂಡುತ್ತದೆ. ಇಷ್ಟು ಹೊತ್ತೂ ‘ಡೋಟಾ’ ಎಂಬ ಹೆಸರು ಎಲ್ಲಿಯೂ ಕೆಲಸಕ್ಕೆ ಬರಲಿಲ್ಲ ಎಂಬುದನ್ನು ಗಮನಿಸಿ. ಹೆಸರು ಇದ್ದದ್ದು ನಮಗಾಗಿ. ಯಂತ್ರ ನಡೆದದ್ದು ನಂಬರಿನ ಮೇಲೆ.

ಹೊರಗಿನಿಂದ ಸೇರಿಸಿದ ಆಟದ ಕಥೆ ಇನ್ನೂ ಸ್ವಾರಸ್ಯ. ಅದಕ್ಕೆ ಅಂಗಡಿಯ ನಂಬರಿಲ್ಲ. ಹಳೆಯ ಪದ್ಧತಿಯಲ್ಲಿ ಆಟದ ಫೈಲು ಇರುವ ದಾರಿಯನ್ನೂ ಆಟಕ್ಕೆ ನಾವಿಟ್ಟ ಹೆಸರನ್ನೂ ಜೋಡಿಸಿ, ಸಿಆರ್‌ಸಿ ಎಂಬ ಲೆಕ್ಕಕ್ಕೆ ಹಾಕಿ, ಅದರಿಂದ ಹೊರಟ ಅಂಕಿಯನ್ನೇ ನಂಬರಾಗಿ ಹಿಡಿಯುತ್ತಿದ್ದರು. ಜಾಣತನವೇ. ಆದರೆ ಮುಂದೊಂದು ದಿನ ಹೆಸರಿನಲ್ಲಿ ಒಂದು ಅಕ್ಷರ ತಿದ್ದಿದರೆ ಲೆಕ್ಕ ಬದಲಾಗುತ್ತದೆ, ನಂಬರು ಬೇರೆಯಾಗುತ್ತದೆ, ಹಚ್ಚಿದ್ದ ಚಿತ್ರ ಅನಾಥವಾಗುತ್ತದೆ. ಚಿತ್ರ ಫೋಲ್ಡರಿನಲ್ಲೇ ಬಿದ್ದಿರುತ್ತದೆ. ಅದು ಯಾರ ಮುಖವೆಂದು ಹೇಳುವವರಿಲ್ಲ. ಹೆಸರಿನಿಂದ ಹುಟ್ಟಿದ ನಂಬರು ಹೆಸರಿನ ಹಣೆಬರಹವನ್ನೇ ಹೊತ್ತಿರುತ್ತದೆ. ಇನ್ನು ನಂಬರೇ ಇಲ್ಲದೆ ಹೆಸರನ್ನೇ ನಂಬಿ ನಡೆಯುವ ಕಡೆ ಕಟ್ಟುಪಾಡು ಮಡಿಯಷ್ಟು ಬಿಗಿ. ಹಳೆಯ ಕನ್ಸೋಲ್ ಆಟಗಳ ಪೆಟ್ಟಿಗೆಯ ಚಿತ್ರಗಳನ್ನು ಕೂಡಿಸಿಟ್ಟಿರುವ ಲಿಬ್ರೆಟ್ರೊ ಸಂಗ್ರಹದಲ್ಲಿ ಚಿತ್ರದ ಫೈಲಿನ ಹೆಸರು ಪಟ್ಟಿಯಲ್ಲಿರುವ ಆಟದ ಹೆಸರಿಗೆ ಅಕ್ಷರಕ್ಕೆ ಅಕ್ಷರ ಕೂಡಬೇಕು. ಪ್ರಶ್ನಾರ್ಥಕ ಚಿಹ್ನೆ, ನಕ್ಷತ್ರ, ಓರೆಗೆರೆ ಮುಂತಾದವು ಬಂದಲ್ಲಿ ಒಂದು ಅಡಿಗೆರೆ ಹಾಕಬೇಕು. ‘ದ ಲೆಜೆಂಡ್ ಆಫ್ ಜೆಲ್ಡಾ’ದ ಮುಂದಿನ ‘ದ’ ಹಿಂದಕ್ಕೆ ಹೋಗಿ ಅಲ್ಪವಿರಾಮದ ಬಾಲವಾಗುತ್ತದೆ. ನೋಡಿದವರಿಗೆ ಇದು ಹುಚ್ಚಾಟ ಅನ್ನಿಸಬಹುದು, ನನಗೆ ಹಾಗನ್ನಿಸುವುದಿಲ್ಲ. ಹೆಸರನ್ನೇ ಕೀಲಿಕೈ ಮಾಡಿಕೊಂಡವರು ಅದರ ಒಂದು ಹಲ್ಲೂ ಸವೆಯದಂತೆ ಕಾಯಲೇಬೇಕು.

ಈಗ ನಮ್ಮ ಮೂರು ಊರುಗಳಿಗೆ ಬನ್ನಿ. ಭೀಮೆಯ ಸೀಮೆಯ ಅಫಜಲಪುರವನ್ನು ಬರೆಯುವ ಬಗೆ ಎಷ್ಟು? ಅಫಜಲಪುರ, ಅಫಜಲಪೂರ, ಅಫ್ಜಲಪುರ, ಅಫ್ಜಲ್‌ಪುರ. ಬಸ್ಸಿನ ಬೋರ್ಡಿನಲ್ಲಿ ಒಂದು, ಮದುವೆಯ ಲಗ್ನಪತ್ರಿಕೆಯಲ್ಲಿ ಇನ್ನೊಂದು, ಕಚೇರಿಯ ಫಲಕದಲ್ಲಿ ಮತ್ತೊಂದು ಕಂಡರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಜೇವರ್ಗಿ ಒಮ್ಮೆ ಜೇವರಗಿ, ಇನ್ನೊಮ್ಮೆ ಜೆವರ್ಗಿ. ಇಂಗ್ಲಿಷಿನಲ್ಲಿ ಬರೆದರೆ ವಿ ಅಕ್ಷರವೋ ಡಬ್ಲ್ಯೂ ಅಕ್ಷರವೋ ಎಂಬ ಚರ್ಚೆ ಬೇರೆ. ದತ್ತಾತ್ರೇಯನ ದರ್ಶನಕ್ಕೆ ಮಹಾರಾಷ್ಟ್ರದಿಂದ ಬರುವ ಭಕ್ತರಿಗೆ ಗಾಣಗಾಪೂರ, ಇಲ್ಲಿಯವರಿಗೆ ಗಾಣಗಾಪುರ, ಇನ್ನು ಕೆಲವರಿಗೆ ದೇವಲ ಗಾಣಗಾಪುರ. ಆಳಂದದ ಪಾಡು ಎಲ್ಲಕ್ಕಿಂತ ತಮಾಷೆ. ಅದನ್ನು ಇಂಗ್ಲಿಷ್ ಲಿಪಿಯಲ್ಲಿ ಬಡಿದು ಹುಡುಕಿದರೆ ಬಾಲ್ಟಿಕ್ ಸಮುದ್ರದ ನಡುವೆ ಫಿನ್ಲೆಂಡಿಗೆ ಸೇರಿದ ಓಲಂಡ್ ದ್ವೀಪಗಳು ತೇಲಿ ಬರುತ್ತವೆ. ಅವುಗಳ ಹೆಸರಿನ ಮೊದಲ ಅಕ್ಷರದ ಮೇಲೆ ಒಂದು ಪುಟ್ಟ ಸೊನ್ನೆ ಇದೆ. ಹುಡುಕುವ ಯಂತ್ರ ಆ ಸೊನ್ನೆಯನ್ನು ಒರೆಸಿ ಹಾಕಿತೆಂದರೆ ಉಳಿಯುವುದು ನಮ್ಮ ಆಳಂದವೇ. ಲಾಡ್ಲೆ ಮಶಾಕರ ದರ್ಗಾ ಹುಡುಕಹೊರಟವನಿಗೆ ಹಿಮದ ಮೇಲೆ ನಿಂತ ಕೆಂಪು ಮರದ ಮನೆ ಕಂಡರೆ ತಪ್ಪು ಯಾರದು? ಇನ್ನು ಪುಣೆಯ ಬದಿಯ ಆಳಂದಿ ಇದ್ದೇ ಇದೆ, ಒಂದು ಗುಣಿಸಿನ ದೂರದಲ್ಲಿ.

ಕನ್ನಡ ಲಿಪಿಯಲ್ಲಿ ಬರೆದರೆ ಈ ಗೊಂದಲ ತೀರೀತು ಎನ್ನುವವರು ಅಫಜಲಪುರ ತಾಲ್ಲೂಕಿನ ಸೊನ್ನ ಬ್ಯಾರೇಜಿನ ಹೆಸರನ್ನೇ ಪರೀಕ್ಷೆಗೆ ತೆಗೆದುಕೊಳ್ಳಲಿ. ‘ಸೊ’ ಎಂಬಲ್ಲಿನ ಒಕಾರದ ಚಿಹ್ನೆಯನ್ನು ಯೂನಿಕೋಡಿನಲ್ಲಿ ಒಂದೇ ಸಂಕೇತವಾಗಿ ಇಡಬಹುದು, ಎಕಾರ ಮತ್ತು ಊಕಾರದ ಎರಡು ತುಂಡುಗಳಾಗಿಯೂ ಇಡಬಹುದು. ಕಣ್ಣಿಗೆ ಎರಡೂ ಒಂದೇ. ಅಕ್ಷರಗಳನ್ನು ಹಾಗೇ ಹೋಲಿಸಿ ನೋಡುವ ಸರಳ ಸಾಧನಕ್ಕೆ ಅವು ಎರಡು ಬೇರೆ ಹೆಸರು. ಜೇವರ್ಗಿಯ ಅರ್ಕಾವೊತ್ತಿನದೂ ಇದೇ ತಕರಾರು: ರ್ಗ ಎಂದು ಬರೆದರೆ ಒಂದು, ರ‍್ಗ ಎಂದು ಬರೆದರೆ ನಡುವೆ ಕಾಣದ ಒಂದು ಚಿಹ್ನೆ ನುಸುಳಿರುತ್ತದೆ. ಅಫ್ಜಲ್‌ಪುರ ಎಂದು ಲಕಾರವನ್ನು ಬಿಡಿಸಿ ಬರೆದರೂ ಅಂಥದ್ದೇ ಇನ್ನೊಂದು ಕಾಣದ ಚಿಹ್ನೆ ಒಳಗೆ ಕೂತಿರುತ್ತದೆ. ಯೂನಿಕೋಡ್ ರೂಢಿಯಾಗುವ ಮೊದಲು ನುಡಿ, ಬರಹಗಳ ಹಳೆಯ ಫಾಂಟುಗಳಲ್ಲಿ ಟೈಪು ಮಾಡಿದ ಪಟ್ಟಿಗಳನ್ನಂತೂ ಫಾಂಟು ತೆಗೆದು ನೋಡಿದರೆ ಇಂಗ್ಲಿಷ್ ಅಕ್ಷರಗಳ ಚಿಂದಿ. ಇವೆಲ್ಲವನ್ನೂ ಸರಿದೂಗಿಸುವ ವಿಧಾನಗಳು ಇವೆ, ಇಲ್ಲವೆನ್ನುವುದಿಲ್ಲ. ಆದರೆ ಪಟ್ಟಿ ಮಾಡುವಾಗ ಯಾರೂ ಅದನ್ನು ನೆನೆಯುವುದಿಲ್ಲ. ಚಿತ್ರ ಹೊಂದದೆ ಹೋದಾಗ ‘ಕಂಪ್ಯೂಟರಿಗೆ ಕನ್ನಡ ಬರುವುದಿಲ್ಲ’ ಎಂದು ಗೊಣಗುತ್ತೇವೆ.

ಅಂಚೆಯವರು ಇದನ್ನು ಎಂದೋ ಅರ್ಥ ಮಾಡಿಕೊಂಡಿದ್ದರು. 1972ರ ಆಗಸ್ಟ್ 15ರಂದು ಪಿನ್ ಕೋಡ್ ಬಂತು. ಅಫಜಲಪುರಕ್ಕೆ 585301, ಆಳಂದಕ್ಕೆ 585302, ಜೇವರ್ಗಿಗೆ 585310. ಲಕೋಟೆಯ ಮೇಲೆ ಊರಿನ ಹೆಸರನ್ನು ಹೇಗೆ ಬೇಕಾದರೂ ಗೀಚಿ, ಆರು ಅಂಕಿ ನೆಟ್ಟಗಿದ್ದರೆ ಕಾಗದ ಮುಟ್ಟುತ್ತದೆ. ಗುಲಬರ್ಗಾ 2014ರ ನವೆಂಬರ್ 1ರಂದು ಕಲಬುರಗಿಯಾಯಿತು. ಪಿನ್ ಕೋಡು ಕದಲಲಿಲ್ಲ. ಆದರೆ ರೈಲು ನಿಲ್ದಾಣದ ಸಂಕೇತ ಬದಲಾಯಿತು, ಮೊದಲು ಜಿಆರ್ ಇದ್ದದ್ದು ಈಗ ಕೆಎಲ್‌ಬಿಜಿ. ಯಾಕೆಂದರೆ ರೈಲ್ವೆಯ ಸಂಕೇತವನ್ನು ಹೆಸರಿನ ಅಕ್ಷರಗಳಿಂದಲೇ ಹೆಕ್ಕಿದ್ದರು. ಸಿಆರ್‌ಸಿ ಲೆಕ್ಕದಿಂದ ನಂಬರು ಪಡೆದ ಆಟದ ಗತಿಯೇ ಇದು. ಹಾಗಾದರೆ ಎಲ್ಲ ನಂಬರೂ ಭದ್ರವೇ ಎಂದರೆ, ಅದೂ ಅಲ್ಲ. ವಿಧಾನಸಭೆಯ ಪಟ್ಟಿಯಲ್ಲಿ ಅಫಜಲಪುರ 34, ಜೇವರ್ಗಿ 35, ಆಳಂದ 46. ಇವು 2008ರ ಕ್ಷೇತ್ರ ಮರುವಿಂಗಡಣೆಯಿಂದ ಬಂದವು, ಮುಂದಿನ ಮರುವಿಂಗಡಣೆಯಲ್ಲಿ ಎಲ್ಲಿಗೆ ಹೋಗುತ್ತವೋ. ಸಾಲಿನಲ್ಲಿ ನಿಂತ ಜಾಗಕ್ಕೆ ಕೊಟ್ಟ ನಂಬರು ಸಾಲು ಬದಲಾದಾಗ ಬದಲಾಗುತ್ತದೆ. ಹೆಸರಿನಿಂದಲೂ ಹುಟ್ಟದ, ಜಾಗಕ್ಕೂ ಅಂಟದ, ಒಮ್ಮೆ ಕೊಟ್ಟರೆ ಇನ್ನೊಬ್ಬರಿಗೆ ಕೊಡದ ನಂಬರು ಬೇಕು. ಅರ್ಥವಿಲ್ಲದ ನಂಬರೇ ಬಾಳಿಕೆಯ ನಂಬರು.

ಇಲ್ಲಿ ಒಬ್ಬರು ಕೈಯೆತ್ತಬಹುದು: ನಮ್ಮ ಪರಂಪರೆ ನಂಬರಿನದಲ್ಲ, ಅಂಕಿತದ್ದು, ವಚನಕಾರರಿಗೆ ಗುರುತು ಹಚ್ಚಿದ್ದು ಅಂಕಿತವೇ ಅಲ್ಲವೇ? ಒಳ್ಳೆಯ ಆಕ್ಷೇಪ. ಅಬ್ಬಲೂರಿನ ಶಾಸನದಲ್ಲಿ ಬರುವ ಏಕಾಂತದ ರಾಮಯ್ಯ ಆಳಂದದವನು. ಶಾಸನ ಅದನ್ನು ಅಲಂದೆ ಎನ್ನುತ್ತದೆ. ಅವನೇ ಬೇರೆ ಕಡೆ ಏಕಾಂತ ರಾಮಿತಂದೆ. ಊರಿಗೂ ಎರಡು ರೂಪ, ಮನುಷ್ಯನಿಗೂ ಎರಡು ರೂಪ. ತಾಳೆಗರಿಯ ಕಟ್ಟುಗಳನ್ನು ಬಿಚ್ಚಿ ಇದು ಇಂಥವರ ವಚನವೆಂದು ಬೇರ್ಪಡಿಸಿದ ವಿದ್ವಾಂಸರ ಕೈಹಿಡಿದದ್ದು ಕವಿಯ ಹೆಸರಿಗಿಂತ ಹೆಚ್ಚಾಗಿ ವಚನದ ಕೊನೆಯ ಅಂಕಿತ. ಅಲ್ಲಿಗೆ ಅಂಕಿತವೂ ಒಂದು ಬಗೆಯ ನಂಬರೇ ಆಯಿತು, ನನ್ನ ವಾದಕ್ಕೆ ಅದು ಸಾಕ್ಷಿಯೇ. ಆದರೆ ಅಂಕಿತಕ್ಕೂ ಒಂದು ಮಿತಿಯಿದೆ, ಅದನ್ನು ತತ್ವಪದಗಳು ತೋರಿಸಿಕೊಡುತ್ತವೆ. ಕಡಕೋಳದ ಮಡಿವಾಳಪ್ಪನವರು ಕೆಲವರ ಬಾಯಲ್ಲಿ ಮಡಿವಾಳೇಶ್ವರ, ಕೆಲವರ ಬರಹದಲ್ಲಿ ಮಡಿವಾಳಯ್ಯ. ಅವರ ಊರು ಜೇವರ್ಗಿ ತಾಲ್ಲೂಕಿನಲ್ಲಿತ್ತು, ಈಗ ಯಡ್ರಾಮಿ ತಾಲ್ಲೂಕಿಗೆ ಸೇರಿದೆ. ತತ್ವಪದದ ದಾರಿಯಲ್ಲಿ ಗುರುವಿನ ಹೆಸರನ್ನು ಶಿಷ್ಯರೂ ಅಂಕಿತದಲ್ಲಿ ತರುವುದುಂಟು. ಏಕತಾರಿ ಹಿಡಿದು ಹಾಡುವವರಿಗೆ ಅದರಿಂದ ಏನೂ ತೊಂದರೆಯಿಲ್ಲ, ಗುರು ಶಿಷ್ಯ ಎಂಬ ಭೇದ ಅಳಿಯಲೆಂದೇ ಅಲ್ಲವೇ ಹಾಡುವುದು. ಆದರೆ ಪದಗಳ ಪುಸ್ತಕವನ್ನು ಪಟ್ಟಿಗೆ ಸೇರಿಸುವವನಿಗೆ ಆ ಅದ್ವೈತ ಉಪಯೋಗಕ್ಕೆ ಬಾರದು. ಅವನಿಗೆ ಇದು ಬೇರೆ, ಅದು ಬೇರೆ ಎನ್ನಲು ಒಂದು ಗುರುತು ಬೇಕೇ ಬೇಕು.

ಇನ್ನೊಂದು ಆಕ್ಷೇಪ ಮುಖದ ಬಗ್ಗೆಯೇ. ಆಟ ಆಡಿದರೆ ಸಾಕು, ಪುಸ್ತಕ ಓದಿದರೆ ಸಾಕು. ಹೊರಗಿನ ಚಿತ್ರಕ್ಕೆ ಇಷ್ಟು ರಾಮಾಯಣ ಯಾಕೆ? ಕಲಬುರಗಿಯವರು ಈ ಪ್ರಶ್ನೆ ಕೇಳಬಾರದು. 1916ರಲ್ಲಿ ಅಲ್ಲಿ ಹುಟ್ಟಿ ಮುಂಬಯಿಯಲ್ಲಿ ಹೆಸರು ಮಾಡಿದ ಎಸ್.ಎಂ. ಪಂಡಿತರು ಎಂಜಿಎಂ ಕಂಪನಿಯ ಸಿನಿಮಾಗಳಿಗೆ ಷೋಕಾರ್ಡು ಬರೆದರು, ಫಿಲ್ಮ್‌ಇಂಡಿಯಾ ಪತ್ರಿಕೆಗೆ ಮುಖಪುಟ ಬರೆದರು, ಆಮೇಲೆ ಅವರ ದೇವಾನುದೇವತೆಗಳು ಕ್ಯಾಲೆಂಡರುಗಳಲ್ಲಿ ದೇಶದ ಗೋಡೆಗೋಡೆಗೂ ಹೋದವು. ಸಿನಿಮಾ ಹೋಯಿತು, ಪತ್ರಿಕೆ ನಿಂತಿತು, ಹಳೆಯ ವರ್ಷದ ಕ್ಯಾಲೆಂಡರಿನ ತಾರೀಖು ಯಾರಿಗೂ ಬೇಡ. ಚಿತ್ರಕ್ಕೆ ಮಾತ್ರ ಇನ್ನೂ ಕಟ್ಟು ಹಾಕಿಸಿಟ್ಟಿದ್ದಾರೆ. ಒಳಗಿನ ಸರಕಿಗಿಂತ ಮುಖ ಹೆಚ್ಚು ದಿನ ಬಾಳಿದ್ದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಕೆ? ಅದಕ್ಕೂ ಮಿಗಿಲಾದ ಪುರಾವೆ ಮತಯಂತ್ರದ ಮೇಲಿದೆ. ಓದು ಬರಹ ಬಾರದವರಿಗೆಂದು ಮೊದಲ ಮಹಾಚುನಾವಣೆಯಿಂದಲೇ ಗುರುತಿನ ಚಿತ್ರಗಳಿದ್ದವು. 2015ರ ಮೇ 1ರ ನಂತರದ ಚುನಾವಣೆಗಳಿಗೆ ಆಯೋಗ ಅಭ್ಯರ್ಥಿಯ ಫೋಟೊವನ್ನೂ ಸೇರಿಸಿತು. ಒಂದೇ ಕ್ಷೇತ್ರದಲ್ಲಿ ಒಂದೇ ಹೆಸರಿನ ಇಬ್ಬರು ನಿಂತು ಮತದಾರ ಗಲಿಬಿಲಿಗೊಳ್ಳಬಾರದೆಂಬುದೇ ಕೊಟ್ಟ ಕಾರಣ. ಹೆಸರು ಸೋತಲ್ಲಿ ಮುಖ ಬೇಕಾಯಿತು. ಆದರೆ ಯಾವ ಫೋಟೊ ಯಾವ ಗುಂಡಿಯ ಪಕ್ಕ ಎಂದು ನಿರ್ಧರಿಸುವುದು ಮತ್ತೆ ಕ್ರಮಸಂಖ್ಯೆಯೇ.

ಸಾಲು ಬಡಿಯುವ ಆ ಕಪ್ಪು ಪರದೆ, ಅಂದರೆ ಕಮಾಂಡ್ ಲೈನ್ ಯಾಕೆ, ಚಂದದ ಆ್ಯಪ್ ಇಲ್ಲವೇ ಎನ್ನುವವರಿಗೆ ಉತ್ತರ ಚಿಕ್ಕದು. ಐದು ಚಿತ್ರವಾದರೆ ಆ್ಯಪ್ ಸಾಕು. ಐನೂರಾದರೆ ಒಂದೇ ಸಾಲನ್ನು ಐನೂರು ಸಲ ಬೇಸರವಿಲ್ಲದೆ ನಡೆಸುವ ಕೈಯಾಳು ಬೇಕು, ಎಲ್ಲಿ ತಪ್ಪಿತೆಂದು ಕೊನೆಗೆ ಪಟ್ಟಿ ಕೊಡುವವನು ಬೇಕು. ಆ ಕಪ್ಪು ಪರದೆ ಇಂಗ್ಲಿಷಿನದ್ದಲ್ಲವೇ ಎಂಬ ದೂರು ಅರ್ಧ ನಿಜ. ಅಪ್ಪಣೆಯ ನಾಲ್ಕು ಪದ ಇಂಗ್ಲಿಷಿನವು, ಆದರೆ ಅದಕ್ಕೆ ಉಣಿಸುವ ಪಟ್ಟಿ ಪೂರ್ತಿ ಕನ್ನಡದಲ್ಲಿರಲು ಅಡ್ಡಿಯಿಲ್ಲ. ಹಕ್ಕುಸ್ವಾಮ್ಯದ ಮಾತು ಮಾತ್ರ ಹಗುರಲ್ಲ. ಮುಖಪುಟದ ಚಿತ್ರ ಬರೆದವರದೋ ಪ್ರಕಾಶಕರದೋ ಸ್ವತ್ತು. 1957ರ ಕಾಯ್ದೆಯ 52ನೇ ಕಲಮು ಖಾಸಗಿ ಬಳಕೆಗೂ ಸಂಶೋಧನೆಗೂ ನ್ಯಾಯವಾದ ಮಟ್ಟಿಗೆ ಅವಕಾಶ ಕೊಡುತ್ತದೆ. ತನ್ನ ಕಪಾಟಿಗೆ ಹಚ್ಚಿಕೊಳ್ಳುವುದು ಬೇರೆ, ಅದನ್ನೇ ಅಚ್ಚು ಹಾಕಿಸಿ ಮಾರುವುದು ಬೇರೆ.

ಪುಸ್ತಕಲೋಕದಲ್ಲಿ 570ರಂಥದ್ದು ಇಲ್ಲವೆಂದಲ್ಲ. 1970ರಿಂದ ಐಎಸ್‌ಬಿಎನ್ ಇದೆ, 2007ರಿಂದ ಅದು ಹದಿಮೂರು ಅಂಕಿಯದು. ಓಪನ್ ಲೈಬ್ರರಿ ಎಂಬ ಸಂಗ್ರಹಕ್ಕೆ ಆ ಅಂಕಿ ಕೊಟ್ಟು ಚಿಕ್ಕದು, ಮಧ್ಯಮ, ದೊಡ್ಡದು ಎಂದು ಅಳತೆ ಹೇಳಿದರೆ ಮುಖಪುಟ ಇದ್ದಲ್ಲಿ ಕಳಿಸಿಕೊಡುತ್ತದೆ. ಆಟದ ಸಾಧನಕ್ಕೂ ಇದಕ್ಕೂ ಕೂದಲೆಳೆಯ ವ್ಯತ್ಯಾಸ. ತೊಂದರೆ ಬರುವುದು ನಂಬರಿಲ್ಲದ ಪುಸ್ತಕಗಳಿಗೆ. ಅರವತ್ತರ ದಶಕದ ಕಾದಂಬರಿಗೆ ಐಎಸ್‌ಬಿಎನ್ ಎಲ್ಲಿಂದ ಬರಬೇಕು? ಮಠದವರು ಹಂಚಿದ ಪುರಾಣಕ್ಕೆ, ಜಾತ್ರೆಯಲ್ಲಿ ಚಾಪೆ ಹಾಸಿ ಮಾರುವ ಭಜನೆ ಪದಗಳ ಪುಸ್ತಕಕ್ಕೆ, ದೊಡ್ಡಾಟದ ಪದಗಳ ಅಚ್ಚುಪ್ರತಿಗೆ ಅದು ಇರುವುದೇ ಅಪರೂಪ. ಜಗತ್ತಿನ ಯಾವ ಸರ್ವರಿನಲ್ಲೂ ಅವುಗಳ ಮುಖ ಕಾದು ಕೂತಿಲ್ಲ. ಅವುಗಳ ಫೋಟೊ ನಾವೇ ತೆಗೆಯಬೇಕು. ತೆಗೆಯುವವರೂ ಇದ್ದಾರೆ, ಕೈಯಲ್ಲೊಂದು ಮೊಬೈಲು ಯಾರ ಬಳಿ ಇಲ್ಲ? ಆದರೆ ಮೊಬೈಲು ಆ ಫೋಟೊಕ್ಕೆ ತಾರೀಖು ಗಂಟೆ ಸೇರಿಸಿ ತನಗೆ ತೋಚಿದ ಹೆಸರಿಡುತ್ತದೆ, ವಾಟ್ಸ್ಆ್ಯಪಿನಲ್ಲಿ ಹೋದರೆ ಅದೂ ಬದಲಾಗುತ್ತದೆ. ಆರು ತಿಂಗಳ ಮೇಲೆ ನೋಡಿದರೆ ನಾಲ್ಕುನೂರು ಮುಖಗಳಿವೆ, ಯಾವುದು ಯಾವ ಪುಸ್ತಕದ್ದು, ಆ ಪುಸ್ತಕ ಯಾವ ಊರಿನ ಯಾವ ಕಪಾಟಿನಲ್ಲಿದೆ ಎಂದು ಹೇಳುವ ಎಳೆ ತಪ್ಪಿಹೋಗಿರುತ್ತದೆ. ಬೂದು ಡಬ್ಬಿಯ ಮೇಲೆ ಹೆಸರಾದರೂ ಇತ್ತು.

ಹೊಸ ನಂಬರು ಕಟ್ಟಬೇಕಾದ ಅಗತ್ಯವೂ ಇಲ್ಲ. ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳು, ಈಗಿನ ಅರಿವು ಕೇಂದ್ರಗಳು, ಪುಸ್ತಕ ಬಂದಾಗ ಒಂದು ರಿಜಿಸ್ಟರಿನಲ್ಲಿ ಸಾಲು ಎಳೆದು ಬರೆದುಕೊಳ್ಳುತ್ತವೆ. ಅದರ ಮೊದಲ ಅಂಕಣದಲ್ಲಿರುವುದೇ ಪರಿಗ್ರಹಣ ಸಂಖ್ಯೆ. ಪುಸ್ತಕ ಹರಿದುಹೋದರೂ ಕಳೆದುಹೋದರೂ ಆ ಸಂಖ್ಯೆಯನ್ನು ಮತ್ತೊಂದು ಪುಸ್ತಕಕ್ಕೆ ಕೊಡಬಾರದೆಂಬುದು ಗ್ರಂಥಾಲಯದ ಹಳೆಯ ನಿಯಮ. ಹೆಸರಿನಿಂದ ಹುಟ್ಟಿಲ್ಲ, ಕಪಾಟಿನ ಜಾಗಕ್ಕೂ ಅಂಟಿಲ್ಲ. ಅದರ ಮುಂದೆ ಊರಿನ ಪಿನ್ ಕೋಡನ್ನೂ ಕೇಂದ್ರಕ್ಕೊಂದು ಅಂಕಿಯನ್ನೂ ಸೇರಿಸಿದರೆ ಆಳಂದದ 412ನೆಯ ಪುಸ್ತಕ ಜೇವರ್ಗಿಯ 412ರೊಡನೆ ಕಲೆಯುವುದಿಲ್ಲ. ನಿಮ್ಮೂರಿನ ಅರಿವು ಕೇಂದ್ರದಲ್ಲಿ ಪುಸ್ತಕಗಳ ಫೋಟೊ ತೆಗೆಯುವ ಉಮೇದಿರುವವರು ದಯವಿಟ್ಟು ಮೊದಲು ಆ ರಿಜಿಸ್ಟರು ಕೇಳಿ ಪಡೆಯಿರಿ. ಫೋಟೊದ ಫೈಲಿಗೆ ಪುಸ್ತಕದ ಹೆಸರಿಡಬೇಡಿ. ಆ ಸಂಖ್ಯೆ ಇಡಿ. ಹೆಸರನ್ನು ಪಟ್ಟಿಯಲ್ಲಿ ಎಷ್ಟು ಸಲ ಬೇಕಾದರೂ ತಿದ್ದಿಕೊಳ್ಳಬಹುದು.